ಸಿಗರೇಟು ಬಿಟ್ಟು ವೇಪ್ ಹಿಡಿಯಬೇಕೆಂದಿದ್ದೇನೆ, ತುಮಕೂರಿನಲ್ಲಿ ಹೇಗೆ ಶುರು ಮಾಡಲಿ?

ನಿಮ್ಮ ಪ್ರಶ್ನೆಯಲ್ಲಿ ಇರುವುದಿಷ್ಟು: ದಿನಕ್ಕೆ 12 ಸಿಗರೇಟು, ಎದ್ದ ಹತ್ತು ನಿಮಿಷಕ್ಕೇ ಮೊದಲನೆಯದು, ಕೆಲಸಕ್ಕೆ ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲು. ಗೆಳೆಯರು ವೇಪ್ (ನಿಕೋಟಿನ್ ದ್ರವವನ್ನು ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟು) ಹಿಡಿ ಅಂದಿದ್ದಾರೆ, ಯಾವ ಡಿವೈಸ್, ಎಷ್ಟು ಮಿ.ಗ್ರಾಂ. ತಗೊಳ್ಳಲಿ ಅಂತ ಕೇಳಿದ್ದೀರಿ. ನನ್ನ ಉತ್ತರ: ವೇಪ್ ಬೇಡ, ಸರ್. ಅದರಿಂದ ನೀವು ಬಯಸುತ್ತಿರುವ ಕೆಲಸವನ್ನು ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ಮತ್ತು ನಿಕೋಟಿನ್ ಗಮ್ ಜೊತೆಯಾಗಿ ಮಾಡಬಲ್ಲವು. ಆದರೆ ಪ್ರಮಾಣ ಸರಿಯಿರಬೇಕು, ಗಮ್ ಅಗಿಯುವ ಕ್ರಮ ಗೊತ್ತಿರಬೇಕು. "ಗಮ್ಮು ತಿಂದು ನೋಡಿದೆ, ಏನೂ ಆಗಲಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಎಡವಿರುವುದು ಈ ಎರಡರಲ್ಲೇ.

ಮೊದಲು ಕಾನೂನಿನ ಮಾತು. ಕರ್ನಾಟಕ ಸರ್ಕಾರ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತ್ತು. ಇಡೀ ದೇಶಕ್ಕೆ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ಅದೇ ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟುಕೊಂಡರೂ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ. ಅಂದರೆ ತುಮಕೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ನಿಮಗೆ ಸಿಗುವುದೆಲ್ಲ ಕದ್ದುಮುಚ್ಚಿ ಬಂದ ಮಾಲು.

ವೇಪ್ ಎಲ್ಲ ಕಡೆಯೂ ನಿಷಿದ್ಧವಲ್ಲ, ಅದನ್ನೂ ಹೇಳಬೇಕು. ಬ್ರಿಟನ್‌ನಲ್ಲಿ ಸಿಗರೇಟು ಬಿಡುವವರಿಗೆ ಸರ್ಕಾರಿ ಆರೋಗ್ಯ ಸೇವೆಯವರೇ ವೇಪ್ ಸೂಚಿಸುತ್ತಾರೆ, ಗಮ್-ಪ್ಯಾಚ್‌ಗಿಂತ ಅದರಿಂದ ಬಿಟ್ಟವರು ಹೆಚ್ಚು ಎಂದು ಅಧ್ಯಯನಗಳೂ ಹೇಳುತ್ತವೆ. ಆದರೆ ಅಲ್ಲಿ ದ್ರವದಲ್ಲಿ ಮಿಲಿಲೀಟರಿಗೆ 20 ಮಿ.ಗ್ರಾಂ. ನಿಕೋಟಿನ್ ಮೀರುವಂತಿಲ್ಲ, ದ್ರವ ತುಂಬುವ ಟ್ಯಾಂಕು 2 ಮಿ.ಲೀ. ದಾಟುವಂತಿಲ್ಲ, ಕಂಪನಿ ಪ್ರತಿಯೊಂದು ಮಾಲನ್ನೂ ಸರ್ಕಾರಕ್ಕೆ ತಿಳಿಸಿರಬೇಕು. ಇಲ್ಲಿ ಕೈಗೆ ಬರುವ ಡಿಸ್ಪೋಸಬಲ್ (ಬಳಸಿ ಎಸೆಯುವ ವೇಪ್) ಮೇಲೆ 5% ಎಂದು ಬರೆದಿದ್ದರೆ ಅದು ಮಿಲಿಲೀಟರಿಗೆ 50 ಮಿ.ಗ್ರಾಂ. ಒಳಗೆ ನಿಜಕ್ಕೂ ಎಷ್ಟಿದೆ, ಇನ್ನೇನು ಬೆರೆತಿದೆ ಎಂದು ಪರೀಕ್ಷಿಸಿದವರು ಯಾರೂ ಇಲ್ಲ. 12 ಸಿಗರೇಟು ಸೇದುತ್ತಿದ್ದವರು ದಿನವಿಡೀ ಅದನ್ನು ಬಾಯಿಗಿಟ್ಟುಕೊಂಡು, ಮೊದಲಿಗಿಂತ ಹೆಚ್ಚು ನಿಕೋಟಿನ್‌ಗೆ ಒಗ್ಗಿಬಿಡುವುದು ಹೀಗೆ.

ಇಲ್ಲಿ ತಿಳಿದಿರಬೇಕಾದ ತತ್ವ ಒಂದೇ. ಚಟ ಹಿಡಿಸುವುದು ನಿಕೋಟಿನ್, ಶ್ವಾಸಕೋಶ-ಹೃದಯ ಕೆಡಿಸುವುದು ಬಹುಮಟ್ಟಿಗೆ ಹೊಗೆ. ಎಲೆ ಉರಿದಾಗ ಹುಟ್ಟುವ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಗಮ್‌ನಲ್ಲೂ ಇಲ್ಲ, ಪ್ಯಾಚ್‌ನಲ್ಲೂ ಇಲ್ಲ. ಹೊಗೆಯನ್ನು ಒಂದೇ ದಿನ ನಿಲ್ಲಿಸಿ, ನಿಕೋಟಿನ್ ಅನ್ನು ಮೂರು ತಿಂಗಳಲ್ಲಿ ಮೆಲ್ಲಗೆ ಇಳಿಸುವುದು, ಇಷ್ಟೇ ಲೆಕ್ಕ.

ಪ್ರಮಾಣಕ್ಕೆ ಬರೋಣ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನಿಸಿದರೆ ಅವಲಂಬನೆ ಗಟ್ಟಿ ಎಂದರ್ಥ, ಅಂಥವರಿಗೆ 4 ಮಿ.ಗ್ರಾಂ. ಗಮ್. ಆಮೇಲೆ ಸೇದುವವರಿಗೆ 2 ಮಿ.ಗ್ರಾಂ. ನೀವು ಮೊದಲ ಗುಂಪಿನವರು. ನಮ್ಮಲ್ಲಿ 2 ಮಿ.ಗ್ರಾಂ. ಯಾವ ಮೆಡಿಕಲ್ ಸ್ಟೋರ್‌ನಲ್ಲಾದರೂ ಚೀಟಿ ಇಲ್ಲದೆ ಕೊಡುತ್ತಾರೆ, ನಿಕೋಟೆಕ್ಸ್ ಅಂದರೆ ಸಾಕು, ಅರ್ಥವಾಗುತ್ತದೆ. 4 ಮಿ.ಗ್ರಾಂ.ಗೆ ವೈದ್ಯರ ಚೀಟಿ ಬೇಕು. ಹೇಗೂ ಹೋಗುತ್ತೀರಲ್ಲ, ಪ್ಯಾಚ್ ಕೂಡ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ಯಾಚನ್ನು ಎಲ್ಲ ಅಂಗಡಿಯವರೂ ಇಟ್ಟಿರುವುದಿಲ್ಲ, ಮುಂಚೆಯೇ ಹೇಳಿ ತರಿಸಿ.

ಪ್ಯಾಚ್ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿ.ಗ್ರಾಂ.ನಿಂದ ಶುರು. ಆರು ವಾರ 21, ಎರಡು ವಾರ 14, ಎರಡು ವಾರ 7. ಹತ್ತು ಅಥವಾ ಕಡಿಮೆ ಇದ್ದವರು ಆರು ವಾರ 14, ಎರಡು ವಾರ 7. ಬೆಳಿಗ್ಗೆ ಎದ್ದ ಕೂಡಲೇ ತೋಳಿನ ಮೇಲ್ಭಾಗ, ಎದೆ ಅಥವಾ ಬೆನ್ನಿನಲ್ಲಿ ಕೂದಲಿಲ್ಲದ, ಒಣಗಿದ ಚರ್ಮಕ್ಕೆ ಅಂಟಿಸಿ ಅಂಗೈಯಿಂದ ಹತ್ತು ಸೆಕೆಂಡ್ ಒತ್ತಿ. ಎಣ್ಣೆ, ಕ್ರೀಮ್ ಹಚ್ಚಿದ ಜಾಗದಲ್ಲಿ ನಿಲ್ಲುವುದಿಲ್ಲ. ನಾಳೆ ಬೇರೆ ಜಾಗ; ಅದೇ ಜಾಗಕ್ಕೆ ಒಂದು ವಾರ ಮರಳಬೇಡಿ, ಕೆಂಪಾಗಿ ದದ್ದು ಏಳುತ್ತದೆ. ಮೊದಲ ಒಂದು ಗಂಟೆ ತುಸು ತುರಿಕೆ ಸಹಜ. ರಾತ್ರಿ ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವಾಗ ಕಿತ್ತುಬಿಡಿ. ಕಿತ್ತದ್ದನ್ನು ಅಂಟು ಒಳಗಾಗುವಂತೆ ಮಡಚಿ ಎಸೆಯಿರಿ, ಅದರಲ್ಲಿ ಇನ್ನೂ ನಿಕೋಟಿನ್ ಉಳಿದಿರುತ್ತದೆ, ಮಕ್ಕಳ ಕೈಗೆ ಸಿಗಬಾರದು. ಎಂಆರ್‌ಐ ಮಾಡಿಸುವ ಮುಂಚೆಯೂ ತೆಗೆಯಬೇಕು, ಕೆಲವು ಪ್ಯಾಚ್‌ಗಳ ಹಿಂಬದಿಯಲ್ಲಿ ಲೋಹದ ಹಾಳೆ ಇದ್ದು ಚರ್ಮ ಸುಡುತ್ತದೆ.

ಪ್ಯಾಚ್ ಅಂಟಿಸಿದ ಕೂಡಲೇ ಮೈಗೆ ಹಿಡಿಯುವುದಿಲ್ಲ, ಕೆಲವು ಗಂಟೆ ಬೇಕು. ಬೆಳಗಿನ ಹೊತ್ತನ್ನೂ ನಡುವೆ ಒಮ್ಮೆಲೇ ಏಳುವ ಆಸೆಯನ್ನೂ ಗಮ್ ನೋಡಿಕೊಳ್ಳಬೇಕು. ಅದಕ್ಕೇ ಎರಡೂ ಒಟ್ಟಿಗೆ. ಬರೀ ಒಂದನ್ನು ಬಳಸಿದವರಿಗಿಂತ ಎರಡನ್ನೂ ಬಳಸಿದವರು ಬಿಡುವ ಸಂಭವ ಹೆಚ್ಚು. ಪ್ಯಾಚ್ ಜೊತೆಯಲ್ಲಿದ್ದಾಗ ಗಮ್ 2 ಮಿ.ಗ್ರಾಂ. ಸಾಕೋ 4 ಬೇಕೋ ಎಂಬುದನ್ನು ವೈದ್ಯರ ಹತ್ತಿರ ತೀರ್ಮಾನಿಸಿಕೊಳ್ಳಿ.

ಇನ್ನು ಗಮ್ ಅಗಿಯುವ ಕ್ರಮ, ಇದನ್ನು ದಯವಿಟ್ಟು ಎರಡು ಸಲ ಓದಿ. ಹೆಸರಿಗೆ ಚೂಯಿಂಗ್ ಗಮ್, ಆದರೆ ಹಾಗೆ ಅಗಿಯಬಾರದು. ಬಾಯಿಗೆ ಹಾಕಿ ನಿಧಾನಕ್ಕೆ ಹತ್ತು-ಹದಿನೈದು ಸಲ ಕಚ್ಚಿ. ಮೆಣಸು ತಾಗಿದಂತೆ ನಾಲಿಗೆ ಚುರುಗುಟ್ಟಿದ ತಕ್ಷಣ ನಿಲ್ಲಿಸಿ. ಎಲೆಯಡಿಕೆ ಹಾಕುವವರು ಹೊಗೆಸೊಪ್ಪನ್ನು ದವಡೆಗೆ ಒತ್ತರಿಸಿಕೊಳ್ಳುವ ಹಾಗೆ ಗಮ್ ಅನ್ನು ಕೆನ್ನೆ ಮತ್ತು ಒಸಡಿನ ನಡುವೆ ಇಡಿ. ಒಂದು ನಿಮಿಷದಲ್ಲಿ ಆ ಚುರುಕು ಇಳಿಯುತ್ತದೆ. ಆಗ ಮತ್ತೆ ನಾಲ್ಕು ಸಲ ಕಚ್ಚಿ, ಚುರುಗುಟ್ಟಿದೊಡನೆ ಈ ಸಲ ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ ಒಂದು ಗಮ್. ಎಷ್ಟು ಕಚ್ಚಿದರೂ ಚುರುಗುಟ್ಟದೆ ಹೋದರೆ ಮುಗಿಯಿತು, ಕಾಗದದಲ್ಲಿ ಸುತ್ತಿ ಎಸೆಯಿರಿ.

ಕಾರಣ ಏನೆಂದರೆ, ನಿಕೋಟಿನ್ ರಕ್ತ ಸೇರಬೇಕಾದ್ದು ಕೆನ್ನೆಯ ಒಳಪದರದಿಂದ. ಜೋರಾಗಿ ಅಗಿದರೆ ಎಲ್ಲವೂ ಎಂಜಲಿಗೆ ಇಳಿದು ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ಪಿತ್ತಜನಕಾಂಗ ಅದರ ಬಹುಪಾಲನ್ನು ನಿಷ್ಕ್ರಿಯ ಮಾಡಿಬಿಡುತ್ತದೆ. ತಲೆಗೆ ಬೇಕಾದ್ದು ಸಿಗಲಿಲ್ಲ, ಹೊಟ್ಟೆಗೆ ಮಾತ್ರ ಎದೆಯುರಿ, ವಾಕರಿಕೆ. ಬಿಕ್ಕಳಿಕೆ ಶುರುವಾಯಿತೆಂದರೆ ನೀವು ಬೇಗ ಬೇಗ ಅಗಿಯುತ್ತಿದ್ದೀರಿ ಎಂದೇ ತಿಳಿಯಿರಿ.

ಎರಡನೆಯ ತಪ್ಪು ಕಾಫಿ. ಬಾಯಲ್ಲಿ ಆಮ್ಲ ಇದ್ದರೆ ನಿಕೋಟಿನ್ ಕೆನ್ನೆಯ ಪದರ ದಾಟುವುದಿಲ್ಲ. ಕಾಫಿ, ಸೋಡಾ, ನಿಂಬೆ ಪಾನಕ, ಕಿತ್ತಳೆ ರಸ ಎಲ್ಲವೂ ಆಮ್ಲವೇ. ಗಮ್ ಹಾಕುವ ಹದಿನೈದು ನಿಮಿಷ ಮುಂಚಿನಿಂದ ಅದು ಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ಬೇಡ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಪ್ಯಾಚ್ ಅಂಟಿಸಿ, ಮೊದಲು ಗಮ್, ಅರ್ಧ ಗಂಟೆಯ ಮೇಲೆ ಕಾಫಿ. ಈ ವರಸೆ ಇಟ್ಟುಕೊಳ್ಳಿ.

ಮೂರನೆಯದು ಜಿಪುಣತನ. ದಿನಕ್ಕೆ ಮೂರು ಗಮ್ ತಿಂದು ಹನ್ನೆರಡು ಸಿಗರೇಟಿನ ಆಸೆ ಅಡಗಲಿ ಅಂದರೆ ಆಗದು. ಒಂದು ಸಿಗರೇಟಿನಿಂದ ಸುಮಾರು 1 ಮಿ.ಗ್ರಾಂ. ನಿಕೋಟಿನ್ ಮೈ ಸೇರುತ್ತದೆ, ಅದೂ ಸೆಕೆಂಡುಗಳಲ್ಲಿ ಮಿದುಳಿಗೆ. 2 ಮಿ.ಗ್ರಾಂ. ಗಮ್‌ನಿಂದ ಸಿಗುವುದು ಅಷ್ಟೇ ಅಥವಾ ಕಡಿಮೆ, ಅದೂ ಅರ್ಧ ಗಂಟೆಯಲ್ಲಿ. ಹಾಗಾಗಿ ಆಸೆ ತಲೆಗೇರುವವರೆಗೆ ಕಾಯಬೇಡಿ, ಗಡಿಯಾರ ನೋಡಿ ಹಾಕಿ. ಬರೀ ಗಮ್ ಬಳಸುವವರಿಗೆ ಮೊದಲ ಆರು ವಾರ ಒಂದೆರಡು ಗಂಟೆಗೊಂದು, ದಿನಕ್ಕೆ ಕನಿಷ್ಠ ಒಂಬತ್ತು. 7ರಿಂದ 9ನೇ ವಾರ ಎರಡರಿಂದ ನಾಲ್ಕು ಗಂಟೆಗೊಂದು. 10ರಿಂದ 12ನೇ ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ಮೀರಬಾರದು. ತಲೆಸುತ್ತು, ವಾಕರಿಕೆ, ಎದೆಬಡಿತ ಬಂದರೆ ಹೆಚ್ಚಾಯಿತು. ಸಿಡುಕು, ಚಡಪಡಿಕೆ ಇದ್ದರೆ ಕಡಿಮೆಯಾಯಿತು.

ನಿಮ್ಮ ರೈಲು ಪ್ರಯಾಣ ನಿಮ್ಮ ಪರವಾಗಿಯೇ ಇದೆ. ಬೋಗಿಯಲ್ಲಿ ಸೇದುವಂತಿಲ್ಲ, ಈಗಲೂ ಅಷ್ಟು ಹೊತ್ತು ತಡೆದುಕೊಂಡೇ ಹೋಗುತ್ತಿದ್ದೀರಿ. ಕಷ್ಟದ ಜಾಗ ಎರಡು: ತುಮಕೂರು ಸ್ಟೇಷನ್ ಹೊರಗಿನ ಟೀ ಅಂಗಡಿ, ಯಶವಂತಪುರದಲ್ಲಿ ಇಳಿದ ಮೇಲಿನ ಮೊದಲ ಐದು ನಿಮಿಷ. ಸ್ಟೇಷನ್‌ಗೆ ಹೊರಡುವ ಮುಂಚೆಯೇ ಒಂದು ಗಮ್ ಬಾಯಲ್ಲಿರಲಿ. ಇಳಿಯಲು ಇಪ್ಪತ್ತು ನಿಮಿಷ ಇದೆ ಅನ್ನುವಾಗ ಇನ್ನೊಂದು ಹಾಕಿಕೊಳ್ಳಿ, ಆಗ ಪ್ಲಾಟ್‌ಫಾರ್ಮ್ ಮೇಲೆ ಕಾಲಿಡುವ ಹೊತ್ತಿಗೆ ಅದು ಕೆಲಸ ಶುರು ಮಾಡಿರುತ್ತದೆ. ಒಂದು ಸಲದ ಆಸೆ ಐದು-ಹತ್ತು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಮೊದಲ ಮೂರು ದಿನದಿಂದ ಒಂದು ವಾರ ಉಗ್ರ, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಕೈಗೆ ಏನಾದರೂ ಬೇಕೆನಿಸಿದರೆ ಸೋಂಪು, ಲವಂಗ, ಏಲಕ್ಕಿ ಇಟ್ಟುಕೊಳ್ಳಿ. ಗುಟ್ಕಾ, ಖೈನಿ ಖಂಡಿತ ಬೇಡ. ನಮ್ಮದು ಅಡಿಕೆ ಸೀಮೆ, ಇಲ್ಲಿ ಇದನ್ನು ಹೇಳಿದರೆ ಮುನಿಸಾಗುತ್ತದೆ, ಆದರೂ ಹೇಳುತ್ತೇನೆ: ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರ್ ತರುತ್ತದೆ, ಸಿಗರೇಟಿನ ಜಾಗಕ್ಕೆ ಅದನ್ನು ತರಬೇಡಿ.

ಕಾಫಿ-ಟೀ ಅರ್ಧಕ್ಕೆ ಇಳಿಸಿ. ಹೊಗೆಯ ಟಾರ್‌ನಿಂದ ಪಿತ್ತಜನಕಾಂಗ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಅದೇ ಎರಡು ಲೋಟ ಕಾಫಿ ನಾಲ್ಕರ ಹಾಗೆ ಹೊಡೆಯುತ್ತದೆ. ನಿದ್ದೆ ಬರಲ್ಲ, ಕೈ ನಡುಗುತ್ತದೆ, ಜನ ಅದನ್ನು ಸಿಗರೇಟು ಬಿಟ್ಟ ಸಂಕಟ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಇದೇ ಕಾರಣಕ್ಕೆ ಉಬ್ಬಸಕ್ಕೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರು ಬಿಡುವ ಮುಂಚೆಯೇ ವೈದ್ಯರಿಗೆ ಹೇಳಬೇಕು, ಮಾತ್ರೆಯ ಪ್ರಮಾಣ ಇಳಿಸಬೇಕಾಗಬಹುದು. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಪರೀಕ್ಷೆ ಪದೇ ಪದೇ ಮಾಡಿಕೊಳ್ಳಿ. ಇತ್ತೀಚೆಗೆ ಹೃದಯಾಘಾತ ಆದವರು, ಎದೆಬಡಿತ ಏರುಪೇರಿರುವವರು, ಗರ್ಭಿಣಿಯರು ತಾವಾಗಿಯೇ ಗಮ್-ಪ್ಯಾಚ್ ಶುರು ಮಾಡಬಾರದು. ಕಟ್ಟಿಸಿದ ಹಲ್ಲು, ದವಡೆ ನೋವು ಇದ್ದವರಿಗೆ ಗಮ್ ಬದಲು ಚಪ್ಪರಿಸುವ ಲಾಜೆಂಜ್ ಸಿಗುತ್ತದೆ.

"ಮೊದಲು ಹನ್ನೆರಡನ್ನು ಮೂರಕ್ಕೆ ಇಳಿಸಿ, ಉಳಿದದ್ದಕ್ಕೆ ಗಮ್" ಎಂಬ ಹಾದಿ ಹಿಡಿದರೆ ಒಂದು ತಾರೀಕು ಗೊತ್ತುಮಾಡಿಕೊಳ್ಳಿ, ಮೂರರಲ್ಲೇ ನಿಲ್ಲಬೇಡಿ. ದಿನಕ್ಕೆ ಒಂದೇ ಸೇದುವವರಿಗೂ ಹೃದಯದ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವರ ಅಪಾಯದ ಸುಮಾರು ಅರ್ಧದಷ್ಟಿದೆ. ನಡುವೆ ಒಂದು ದಿನ ಜಾರಿ ಒಂದು ಸೇದಿಬಿಟ್ಟರೆ ಪ್ಯಾಚ್ ಕಿತ್ತೆಸೆಯಬೇಡಿ, ಪ್ಯಾಚ್ ಇದ್ದಾಗ ಸೇದಿದರೆ ಹೃದಯ ನಿಲ್ಲುತ್ತದೆ ಎಂಬುದು ಬರೀ ಭಯ. ಅವತ್ತಿನ ಪ್ಯಾಕ್ ಬಿಸಾಡಿ, ಮುಂದಿನ ಗಮ್ ಅನ್ನು ಹೊತ್ತಿಗೆ ಸರಿಯಾಗಿ ಹಾಕಿ.

ಇಷ್ಟಕ್ಕೂ ಬಗ್ಗದಿದ್ದರೆ ವರೆನಿಕ್ಲಿನ್ ಎಂಬ ಮಾತ್ರೆ ಇದೆ, ವೈದ್ಯರ ಚೀಟಿಯ ಮೇಲೆ ಮಾತ್ರ, 12 ವಾರದ ಕೋರ್ಸ್. ಸಿಗರೇಟು ಬಿಡುವ ದಿನಕ್ಕಿಂತ ಒಂದು ವಾರ ಮುಂಚೆ ಅದನ್ನು ಶುರು ಮಾಡಬೇಕು. ಮಾತಾಡಿ ಧೈರ್ಯ ತಗೊಳ್ಳಬೇಕೆನಿಸಿದರೆ ಸಿಗರೇಟು ಪ್ಯಾಕ್ ಮೇಲೇ ಅಚ್ಚಾಗಿರುವ 1800-11-2356ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬಿಡುವ ತಾರೀಕು ಹೇಳಿದರೆ ಅವರೇ ತಿರುಗಿ ಕರೆ ಮಾಡಿ ವಿಚಾರಿಸುತ್ತಾರೆ.

ಕೊನೆಯ ವಾರಗಳಲ್ಲಿ ಗಮ್ ಒಂದೆರಡಕ್ಕೆ ಇಳಿದಾಗ ಅವಸರದಲ್ಲಿ ನಿಲ್ಲಿಸಬೇಡಿ. ಮೂರು ತಿಂಗಳ ಮೇಲೂ ಬೇಕೆನಿಸಿದರೆ ವೈದ್ಯರನ್ನು ಕೇಳಿ ಮುಂದುವರಿಸಿ, ಮತ್ತೆ ಸಿಗರೇಟಿಗೆ ಹೋಗುವುದಕ್ಕಿಂತ ಅದು ಎಷ್ಟೋ ಪಾಲು ಮೇಲು. ನಿಂತ ಮೇಲೂ ಆರು ತಿಂಗಳ ತನಕ ಒಂದು ಪಟ್ಟಿ ಗಮ್ ಜೇಬಿನಲ್ಲಿರಲಿ. ಮದುವೆ, ಜಾತ್ರೆ, ಬಾರ್‌ನಲ್ಲಿ ಗೆಳೆಯರು ಪ್ಯಾಕ್ ಚಾಚುವಾಗ ಅದು ಬೇಕಾಗುತ್ತದೆ.