ಬಸ್ಸಲ್ಲಿ ತಿಗಣೆ ಕಚ್ಚಿದೆ, ಈಗ ಬ್ಯಾಗ್ ಒಳಗೆ ತರಬಹುದಾ?

ಪ್ರಶ್ನೆ: ಸರ್, ಮೊನ್ನೆ ರಾತ್ರಿ ಸ್ಲೀಪರ್ ಬಸ್ಸಲ್ಲಿ ಬೆಂಗಳೂರಿಂದ ಹುಬ್ಬಳ್ಳಿಗೆ ಬಂದೆ. ಬೆಳಿಗ್ಗೆ ಎದ್ದು ನೋಡಿದ್ರೆ ಕೈ, ಕುತ್ತಿಗೆ ಎಲ್ಲಾ ಕೆಂಪು ದದ್ದು, ತಡೆಯೋಕಾಗದ ತುರಿಕೆ. ಬರ್ತ್ ಮೂಲೇಲಿ ತಿಗಣೆ ಕಣ್ಣಾರೆ ನೋಡಿದೆ. ಮನೇಲಿ ಎರಡು ವರ್ಷದ ಮಗು ಇದೆ. ಅಮ್ಮ ಬ್ಯಾಗನ್ನ ಒಳಗೆ ತರಲೇಬೇಡ ಅಂತ ವರಾಂಡದಲ್ಲೇ ಇಡಿಸಿದಾರೆ. ಏನಾದ್ರೂ ಕಾಯಿಲೆ ಅಂಟುತ್ತಾ? ಬ್ಯಾಗಿಗೆ ಏನ್ ಮಾಡ್ಲಿ?

ಉತ್ತರ: ನಿಮ್ಮಮ್ಮ ಮಾಡಿರೋದೇ ಸರಿ. ಮೊದಲು ಭಯ ಬಿಡಿ, ತಿಗಣೆಯಿಂದ ಮನುಷ್ಯರಿಗೆ ರೋಗ ಹರಡುತ್ತೆ ಅನ್ನೋದಕ್ಕೆ ಇಲ್ಲಿವರೆಗೆ ಆಧಾರ ಇಲ್ಲ. ಸೊಳ್ಳೆ ಥರ ಅಲ್ಲ ಇದು. ತುರಿಕೆಗೆ ಕ್ಯಾಲಮೈನ್ ಲೋಷನ್ ಹಚ್ಚಿ, ಐಸ್ ಇಡಿ, ರಾತ್ರಿ ನಿದ್ದೆ ಬರ್ತಿಲ್ಲ ಅಂದ್ರೆ ಡಾಕ್ಟರನ್ನ ಕೇಳಿ ಅಲರ್ಜಿ ಮಾತ್ರೆ ತಗೊಳ್ಳಿ, ಉಗುರಲ್ಲಿ ಕೆರ್ಕೊಂಡು ಗಾಯ ಮಾಡ್ಕೊಬೇಡಿ, ಕೀವಾಗೋದು ಆ ಗಾಯದಿಂದಲೇ. ತುಟಿ, ಮುಖ ಊದ್ಕೊಂಡ್ರೆ ಅಥವಾ ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಕಾಯಬೇಡಿ, ನೇರ ಆಸ್ಪತ್ರೆಗೆ. ಇನ್ನೊಂದು ವಿಷಯ, ದದ್ದು ಕಚ್ಚಿದ ತಕ್ಷಣ ಏಳಲೇಬೇಕು ಅಂತೇನಿಲ್ಲ, ಕೆಲವರಿಗೆ ನಾಲ್ಕೈದು ದಿನ ಬಿಟ್ಟು ಕಾಣಿಸ್ಕೊಳ್ಳುತ್ತೆ, ಕೆಲವರಿಗೆ ಏನೂ ಆಗಲ್ಲ. ಹಾಗಾಗಿ ಒಂದೇ ರೂಮಲ್ಲಿ ಮಲಗಿದ ಗಂಡ "ನಂಗೇನೂ ಕಚ್ಚಿಲ್ಲಪ್ಪ" ಅಂದ್ರೆ ಅದನ್ನ ಸಾಕ್ಷಿ ಅಂತ ತಗೋಬೇಡಿ.

ಇನ್ನು ಬ್ಯಾಗು. ನಿಜವಾದ ತಲೆನೋವು ಇರೋದು ಇಲ್ಲೇ. ತಿಗಣೆಗೆ ರೆಕ್ಕೆ ಇಲ್ಲ, ಅದು ಹಾರಲ್ಲ, ನೆಗೆಯಲ್ಲ, ಊರಿಂದ ಊರಿಗೆ ಹೋಗೋದು ನಮ್ಮ ಸಾಮಾನಿನ ಜೊತೆಗೇನೇ. ರಕ್ತ ಸಿಗದಿದ್ರೂ ಸುಲಭಕ್ಕೆ ಸಾಯೋ ಪೈಕಿ ಅಲ್ಲ, ತಂಪು ಜಾಗದಲ್ಲಿ ತಿಂಗಳುಗಟ್ಟಲೆ ತಡ್ಕೊಂಡಿರುತ್ತೆ, ಅಂದ್ರೆ ವರಾಂಡದಲ್ಲಿ ಒಂದು ವಾರ ಇಟ್ಟು ಆಮೇಲೆ ಒಳಗೆ ತಂದ್ರೆ ಏನೂ ಉಪಯೋಗ ಇಲ್ಲ. ಗಂಡಿನ ಜೊತೆ ಕೂಡಿರೋ ಒಂದು ಹೆಣ್ಣು ತಿಗಣೆ ಬಂದು ಸೇರ್ಕೊಂಡ್ರೂ ಸಾಕು, ದಿನಕ್ಕೆ ಒಂದೆರಡರಿಂದ ಐದರವರೆಗೆ ಮೊಟ್ಟೆ ಇಡುತ್ತೆ, ಬೆಚ್ಚಗಿದ್ರೆ 6ರಿಂದ 10 ದಿನದಲ್ಲಿ ಮರಿ ಆಚೆ ಬರುತ್ತೆ.

ಇದಕ್ಕೆ ಮದ್ದು ಬಿಸಿ. ಸ್ಪ್ರೇ ಅಲ್ಲ, ಬಿಸಿ. 50 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ತಿಗಣೆ ಹೆಚ್ಚು ಹೊತ್ತು ಬದುಕಲ್ಲ, ಮೊಟ್ಟೆ ಮಾತ್ರ ಸ್ವಲ್ಪ ಗಟ್ಟಿ, ಅದಕ್ಕೇ ನಾವು 60 ಅಂತ ಹೇಳೋದು. ಬ್ಯಾಗನ್ನ ವರಾಂಡದಲ್ಲೇ ಬಿಚ್ಚಿ, ಬಟ್ಟೆಗಳನ್ನ ದೊಡ್ಡ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ನೇರ ಬಚ್ಚಲುಮನೆಗೆ ಒಯ್ಯಿರಿ, ಮಧ್ಯೆ ಸೋಫಾ ಮೇಲೆ ಇಡಬೇಡಿ. ವಾಷಿಂಗ್ ಮೆಷಿನಲ್ಲಿ ಹೀಟರ್ ಇದ್ರೆ 60 ಡಿಗ್ರಿಗೆ ಹಾಕಿ. ಇಲ್ವಾ, ಹಂಡೆಯಲ್ಲಿ ನೀರು ಚೆನ್ನಾಗಿ ಕಾಯಿಸಿ, ಹಬೆ ಆಡೋ ನೀರಲ್ಲಿ ಬಟ್ಟೆ ಪೂರ್ತಿ ಮುಳುಗಿಸಿ ಮುಚ್ಚಿಡಿ, ತಣ್ಣಗಾಗೋವರೆಗೆ ಬಿಡಿ. ಬಿಸಿ ನೀರು ತಡೆಯದ ರೇಷ್ಮೆ, ಉಣ್ಣೆ ಬಟ್ಟೆ ಇದ್ರೆ ಬಟ್ಟೆಗೆ ಎಷ್ಟು ತಡೆಯುತ್ತೋ ಅಷ್ಟೇ ಬಿಸಿಯಲ್ಲಿ ಮಡಿಕೆ, ಅಂಚು, ಕಾಲರ್ ಮೇಲೆ ನಿಧಾನಕ್ಕೆ ಇಸ್ತ್ರಿ ಹಾಕಿ. ಕವರನ್ನ ಗಂಟು ಹಾಕಿ ಆಚೆ ಎಸೀರಿ, ಅದನ್ನೇ ಮತ್ತೆ ಬಳಸೋ ಜನ ಇದಾರೆ.

ಬ್ಯಾಗ್ ಖಾಲಿ ಆದ್ಮೇಲೆ ಮೊಬೈಲ್ ಟಾರ್ಚ್ ಆನ್ ಮಾಡಿ, ಬೆಳಕನ್ನ ಓರೆಯಾಗಿ ಬಿಡಿ. ಜಿಪ್ಪಿನ ಪಕ್ಕದ ಹೊಲಿಗೆ, ಒಳಗಿನ ಲೈನಿಂಗ್ ಮೂಲೆ, ಚಕ್ರದ ಸಂದಿ, ಹ್ಯಾಂಡಲ್ ಕೊಳವೆ ಸುತ್ತ. ದೊಡ್ಡದು ಸುಮಾರು 5 ಮಿಲಿಮೀಟರ್, ಕಂದು ಬಣ್ಣ, ಚಪ್ಪಟೆ, ಸುಮ್ನೆ ನೋಡಿದ್ರೆ ಸೇಬಿನ ಬೀಜ. ಮರಿ ಮಾತ್ರ ಮಾಸಲು ಬಿಳಿ, ರಕ್ತ ಕುಡಿದಿದ್ರೆ ಹೊಟ್ಟೆಭಾಗ ಕೆಂಪಗೆ ಕಾಣುತ್ತೆ. ಕಪ್ಪು ಚುಕ್ಕೆ ಸಿಕ್ಕಿದ್ರೆ ಒದ್ದೆ ಬಿಳಿ ಬಟ್ಟೇಲಿ ಒರೆಸಿ, ಕೆಂಪು ಕಂದು ಬಣ್ಣ ಹರಡಿದ್ರೆ ಅದು ಜೀರ್ಣ ಆದ ರಕ್ತ, ಅಂದ್ರೆ ತಿಗಣೆ ಹಿಕ್ಕೆ. ಬಟ್ಟೆ ಬ್ಯಾಗ್ ಆದ್ರೆ ಹೊಲಿಗೆ ಉದ್ದಕ್ಕೂ ಕುದಿಯೋ ನೀರು ಸುರಿದುಬಿಡಿ, ಹುಷಾರಾಗಿ. ಬಿಸಿಲಿಗೆ ಹಾಕಿದ್ರೆ ಸಾಯುತ್ತೆ ಅಂತ ಎಲ್ಲರೂ ಹೇಳ್ತಾರೆ, ತೆಳ್ಳಗಿನ ಚಾಪೆಗೆ ಸರಿ, ದಪ್ಪ ಬ್ಯಾಗಿಗೆ ನಂಬೋ ಹಾಗಿಲ್ಲ, ಬಿಸಿಲು ಬಿದ್ದ ಕಡೆಯಿಂದ ನೆರಳಿನ ಕಡೆಗೆ ನಡ್ಕೊಂಡು ಹೋಗೋಕೆ ಅದಕ್ಕೆ ಆರು ಕಾಲಿದೆ. ಲ್ಯಾಪ್‌ಟಾಪಿಗೆ ಬಿಸಿ ಬೇಡ, ಅದರ ಬ್ಯಾಗನ್ನ ಮಾತ್ರ ನೋಡಿ.

ಪ್ರಶ್ನೆ: ಮಗಳ ಜೊತೆ ಮುಂದಿನ ತಿಂಗಳು ಟೂರ್ ಹೋಗ್ತಿದೀವಿ. ಕಡಿಮೆ ರೇಟಿನ ಲಾಡ್ಜ್ ಬಿಟ್ಟು ಒಳ್ಳೆ ಸ್ಟಾರ್ ಹೋಟೆಲೇ ಬುಕ್ ಮಾಡಿದೀನಿ, ತಿಗಣೆ ಕಾಟ ಇರಲ್ಲ ತಾನೆ?

ಉತ್ತರ: ತಿಗಣೆ ಸ್ಟಾರ್ ಎಣಿಸಲ್ಲ ಮೇಡಂ. ಅದಕ್ಕೆ ಬೇಕಿರೋದು ಮಲಗಿರೋ ಮನುಷ್ಯ, ಕೊಳೆ ಅಲ್ಲ. 2023ರಲ್ಲಿ ಪ್ಯಾರಿಸ್ಸಲ್ಲಿ ಮೆಟ್ರೋ, ಥಿಯೇಟರ್ ಅಂತ ದೊಡ್ಡ ಗಲಾಟೆನೇ ಆಗಿತ್ತು, ಮರುವರ್ಷ ಅಲ್ಲೇ ಒಲಿಂಪಿಕ್ಸ್ ಬೇರೆ ಇತ್ತು. ಫ್ರಾನ್ಸಿನ ಸರ್ಕಾರಿ ಸಂಸ್ಥೆಯೇ 2017ರಿಂದ 2022ರ ಮಧ್ಯೆ ಅಲ್ಲಿನ 11% ಮನೆಗಳಲ್ಲಿ ತಿಗಣೆ ಇತ್ತು ಅಂತ ಹೇಳಿದೆ.

ರೂಮಿಗೆ ಹೋದ ತಕ್ಷಣ ಬ್ಯಾಗನ್ನ ಬಾತ್‌ರೂಮಿನ ಟೈಲ್ಸ್ ಮೇಲೆ ಇಡಿ. ಆಮೇಲೆ ತಲೆದಿಂಬಿನ ಕಡೆ ಬೆಡ್‌ಶೀಟ್ ಎತ್ತಿ, ಹಾಸಿಗೆ ಅಂಚಿನ ಪೈಪಿಂಗ್ ಬೆರಳಲ್ಲಿ ಮಗುಚಿ ನೋಡಿ, ಮಂಚದ ತಲೆಭಾಗದ ಹಲಗೆ ಗೋಡೆಗೆ ತಾಗಿರೋ ಸಂದಿಗೆ ಟಾರ್ಚ್ ಬಿಡಿ. ಐದು ನಿಮಿಷದ ಕೆಲಸ. ಏನಾದ್ರೂ ಸಿಕ್ಕಿದ್ರೆ ಬೇರೆ ರೂಮ್ ಕೇಳಿ, ಪಕ್ಕದ್ದಾಗಲೀ ಮೇಲೆ ಕೆಳಗಿಂದಾಗಲೀ ಬೇಡ, ಗೋಡೆ ಬಿರುಕು, ಪೈಪ್ ಸಂದೀಲಿ ದಾಟಿರುತ್ತೆ. ಲೈಟ್ ಹಾಕ್ಕೊಂಡು ಮಲಗಿದ್ರೆ ಬರಲ್ಲ ಅನ್ನೋದು ಸುಳ್ಳು, ಹಸಿದಿದ್ರೆ ಲೈಟಲ್ಲೂ ಬರುತ್ತೆ.

ಪ್ರಶ್ನೆ: ಪೀಜಿ ರೂಮಲ್ಲಿ ತಿಗಣೆ ಜಾಸ್ತಿ ಆಗಿದೆ, ಊರಿಗೆ ಹೋಗಿಬಂದ ಫ್ರೆಂಡ್ ಬ್ಯಾಗಲ್ಲಿ ಬಂತು ಅನ್ಸುತ್ತೆ. ದವಸಕ್ಕೆ ಹಾಕೋ ಮಾತ್ರೆ ಇಟ್ಟು ಬಾಗಿಲು ಹಾಕಿದ್ರೆ ಎಲ್ಲಾ ಸಾಯುತ್ತೆ ಅಂತ ಒಬ್ರು ಹೇಳಿದ್ರು.

ಉತ್ತರ: ಬೇಡ. ದಯವಿಟ್ಟು ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ್ರೆ ಫಾಸ್ಫೀನ್ ಅನ್ನೋ ವಿಷಗಾಳಿ ಬಿಡುತ್ತೆ, ಅದಕ್ಕೆ ಪ್ರತಿವಿಷ ಇಲ್ಲ. ಪಕ್ಕದ ರೂಮಲ್ಲಿ ಮಲಗಿದ್ದವರೂ ಸತ್ತಿರೋ ಘಟನೆಗಳು ನಮ್ಮ ದೇಶದಲ್ಲೇ ಆಗಿವೆ. ಆಗಲೇ ಇಟ್ಟಿದ್ರೆ ಒಳಗೆ ಹೋಗಬೇಡಿ, ಎಲ್ಲರನ್ನೂ ಆಚೆ ಕಳಿಸಿ 112ಕ್ಕೆ ಫೋನ್ ಮಾಡಿ. ಸೀಮೆಎಣ್ಣೆ ಸುರಿಯೋದೂ ಬೇಡ, ಬೆಂಕಿ ಹತ್ತಿದ್ರೆ ಗತಿ ಏನು? ಅಂಗಡಿ ಜಿರಳೆ ಸ್ಪ್ರೇಗೆ ಈಗಿನ ತಿಗಣೆ ಎಷ್ಟೋ ಕಡೆ ಜಗ್ಗಲ್ಲ, ಇನ್ನಷ್ಟು ಒಳಗೆ ಸೇರ್ಕೊಳ್ಳುತ್ತೆ. ಓನರ್ ಹತ್ರ ಮಾತಾಡಿ ಲೈಸೆನ್ಸ್ ಇರೋ ಪೆಸ್ಟ್ ಕಂಟ್ರೋಲಿನವರನ್ನ ಕರೆಸಿ, ಎರಡು ವಾರ ಬಿಟ್ಟು ಮತ್ತೆ ಬರೋಕೆ ಒಪ್ಪಿಸಿ, ಮೊದಲ ಸಲ ಉಳಿದ ಮೊಟ್ಟೆ ಅಷ್ಟೊತ್ತಿಗೆ ಮರಿಯಾಗಿರುತ್ತೆ. ಅವರು ಔಷಧಿ ಹೊಡೆದ ದಿನ ಹೇಳಿದಷ್ಟು ಹೊತ್ತು ರೂಮಿಗೆ ಕಾಲಿಡಬೇಡಿ.

ಪ್ರಶ್ನೆ: ಬಸ್ಸಿನವರ ಮೇಲೆ ಕಂಪ್ಲೇಂಟ್ ಕೊಟ್ರೆ ಏನಾದ್ರೂ ಆಗುತ್ತಾ?

ಉತ್ತರ: ಆಗುತ್ತೆ. ಮಂಗಳೂರಿಂದ ಬೆಂಗಳೂರಿಗೆ ಬರೋ ಖಾಸಗಿ ಬಸ್ಸಲ್ಲಿ ತಿಗಣೆ ಕಚ್ಚಿದ ಕೇಸಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗ ಪ್ರಯಾಣಿಕರಿಗೆ ಒಂದು ಲಕ್ಷಕ್ಕೂ ಮೇಲೆ ಪರಿಹಾರ ಕೊಡಿಸಿ ಆದೇಶ ಮಾಡಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು, ಟಿಕೆಟ್ಟಿನಷ್ಟು ಸಣ್ಣ ಮೊತ್ತಕ್ಕೆ ಫೀಸ್ ಇಲ್ಲ. ಬಸ್ಸಲ್ಲೇ ತಿಗಣೆದು, ಬರ್ತ್ ನಂಬರಿಂದು ಫೋಟೋ ತೆಗೀರಿ, ಕಂಡಕ್ಟರಿಗೆ ಹೇಳಿದ್ದನ್ನ ಮೆಸೇಜಲ್ಲೂ ಹಾಕಿ, ದದ್ದಿಗೆ ಡಾಕ್ಟರ್ ಚೀಟಿ ಇಟ್ಕೊಳ್ಳಿ. ಮೊದಲು 1915 ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿ, ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತೆ. ರೈಲಾದ್ರೆ 139.