ಕಾಲೊನಿಗೆ ಎರಡನೆಯ ದಾರಿ: ಸದಾಶಿವಗಡದ ಕಡೆಯಿಂದ ಒಂದು ಉತ್ತರ

ನೀವು ಕೇಳಿದ್ದು ಎರಡು ಪ್ರಶ್ನೆ. ಗಡಿ ಅಂದಮೇಲೆ ಗಲಾಟೆ ಇದ್ದೇ ಇರುತ್ತದಲ್ಲ, ರಾತ್ರಿ ಓಡಾಡಲು ನಿಮಗೆ ಹೆದರಿಕೆ ಇಲ್ಲವೇ ಎಂಬುದು ಒಂದು. ಕಾಲೊನಿಗೆ ಹೊಸ ಸಂಪರ್ಕ ರಸ್ತೆ ಮಾಡುವ ಮಾತು ಬಂದರೆ ನಿಮ್ಮ ನಿವಾಸಿಗಳ ಸಂಘದಲ್ಲಿ ಅರ್ಧ ಜನ ಬೇಡ ಅನ್ನುವುದೇಕೆ, ರಸ್ತೆಯನ್ನೂ ಬೇಡ ಅನ್ನುವವರು ಇರುತ್ತಾರಾ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಬೇಗ ಉತ್ತರ ಹೇಳಬಹುದು. ನಮ್ಮ ಕಾರವಾರವನ್ನು ಮಹಾರಾಷ್ಟ್ರ ಕೇಳಿತ್ತು ನಿಜ. ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಅದನ್ನು ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿ ಹಾಗೇ ಇದೆ. ಆದರೆ ನಾವು ದಿನಾ ನೋಡುವ ಗಡಿ ಗೋವಾದ್ದು. ಮಾಜಾಳಿ ಚೆಕ್‌ಪೋಸ್ಟ್ ದಾಟಿ ಪೊಳೆಂ, ಅಲ್ಲಿಂದ ಕಾಣಕೋಣ, ಮಡಗಾಂವ್. ನಮ್ಮ ಹುಡುಗರು ಕೆಲಸಕ್ಕೆ ಅತ್ತ ಹೋಗುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಆಗದ ಕೇಸು ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುತ್ತದೆ. ಮದುವೆ ಸಂಬಂಧ ಎರಡೂ ಕಡೆ ಇವೆ. ನಮ್ಮ ಸಂಘದ ಸಭೆಯಲ್ಲಿ ವಾದ ನಡೆಯುವುದು ಕೊಂಕಣಿಯಲ್ಲಿ, ಠರಾವು ಬರೆಯುವುದು ಕನ್ನಡದಲ್ಲಿ, ಯಾರಿಗೂ ಅದರಿಂದ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ಗಡಿಯ ಕಾರಣಕ್ಕೆ ನಾವು ಹೆದರಿದ್ದು ಒಮ್ಮೆ ಮಾತ್ರ. 2020ರಲ್ಲಿ ಕೊರೊನಾ ಬಂದು ಮಾಜಾಳಿಯಲ್ಲಿ ದಾರಿ ಮುಚ್ಚಿದಾಗ. ಆಗಲೂ ಹೆದರಿಸಿದ್ದು ಮುಚ್ಚಿದ ರಸ್ತೆ, ಆಚೆಯ ಜನ ಅಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ನಮ್ಮ ಜಾಗ ಹೇಗಿದೆ ಎಂದು ನೋಡಬೇಕು. ಕಾಳಿ ನದಿ ಸಮುದ್ರ ಸೇರುವಲ್ಲಿ ದಕ್ಷಿಣಕ್ಕೆ ಕೋಡಿಬಾಗ, ಉತ್ತರಕ್ಕೆ ಸದಾಶಿವಗಡ. ಪೇಟೆ, ಜಿಲ್ಲಾಧಿಕಾರಿ ಕಚೇರಿ, ದೊಡ್ಡ ಆಸ್ಪತ್ರೆ, ಕಾಲೇಜು ಎಲ್ಲವೂ ಹೊಳೆಯ ಆಚೆ. ನಾವು ಈಚೆ. ಹೆದ್ದಾರಿ 66 ಕೋಟೆಯ ಗುಡ್ಡವನ್ನು ಸೀಳಿಕೊಂಡು ಬಂದು ಗೋವಾಕ್ಕೆ ಹೋಗುತ್ತದೆ. ಜೋಯಿಡಾ ಕಡೆ ಹೋಗುವ ಸದಾಶಿವಗಡ–ಔರಾದ ರಾಜ್ಯ ಹೆದ್ದಾರಿ ಇಲ್ಲಿಂದಲೇ ಶುರು. ನಮ್ಮ ಕಾಲೊನಿಗೆ ಹೆದ್ದಾರಿಯಿಂದ ಒಂದೇ ದಾರಿ. ಒಳಗೆ ಬಂದವರು ಅದೇ ದಾರಿಯಲ್ಲಿ ಹೊರಗೆ ಹೋಗಬೇಕು. ಹಿಂದೆ ತಗ್ಗಿನ ಗದ್ದೆ, ಅದರಾಚೆ ಜೋಯಿಡಾ ರಸ್ತೆ. ಗದ್ದೆಯ ಅಂಚಿನಲ್ಲಿ ಕಾಲುದಾರಿ ಇದೆ, ಮಳೆಗಾಲದಲ್ಲಿ ಅದೂ ಮುಳುಗುತ್ತದೆ. ಆ ಕಾಲುದಾರಿಯನ್ನು ಅಗಲ ಮಾಡಿ ಜೋಯಿಡಾ ರಸ್ತೆಗೆ ಕೂಡಿಸಬೇಕೆಂಬುದು ಈಗಿರುವ ಪ್ರಸ್ತಾಪ.

ಈ ಮಾತು ಹಳೆಯದೇ. ಅದಕ್ಕೆ ಬಲ ಬಂದದ್ದು 2024ರ ಮಳೆಗಾಲದಲ್ಲಿ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಚಹಾ ಅಂಗಡಿಯ ಕುಟುಂಬ, ನಿಂತಿದ್ದ ಲಾರಿಗಳ ಜನ ಮಣ್ಣಿನಡಿ, ಗಂಗಾವಳಿ ಹೊಳೆಯಲ್ಲಿ ಹೋದರು. ಕೇರಳದ ಲಾರಿ ಚಾಲಕನೊಬ್ಬನ ಗಾಡಿ ಹೊಳೆಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ದಕ್ಷಿಣದ ದಾರಿ ಹೀಗೆ ಕಟ್ಟಿಹೋಗಿ ಕುಮಟಾಕ್ಕೆ ಹೋಗುವವರು ಘಟ್ಟ ಹತ್ತಿ ಸುತ್ತಿದ್ದನ್ನು ಮರೆಯುವ ಮೊದಲೇ, ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಮುರಿದು ಬಿತ್ತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿ ಹೊಳೆಗೆ ಬಿದ್ದಿತು. ಚಾಲಕನನ್ನು ಪೊಲೀಸರೂ ನಮ್ಮ ಮೀನುಗಾರರೂ ಸೇರಿ ಬದುಕಿಸಿದರು. ಪಕ್ಕದ ಹೊಸ ಸೇತುವೆಯನ್ನೂ ಪರೀಕ್ಷಿಸಿದ ಮೇಲೆಯೇ ಗಾಡಿ ಬಿಟ್ಟರು. ಆಮೇಲೆ ಹೋಗುವುದೂ ಬರುವುದೂ ಅದೊಂದರ ಮೇಲೆ.

ಶಿರೂರಿಗೂ ಸೇತುವೆಗೂ ನಡುವೆ ಮೂರು ವಾರ ಅಷ್ಟೆ. ನಲವತ್ತು ವರ್ಷ ನಂಬಿ ದಾಟಿದ ಸೇತುವೆ ಒಂದು ರಾತ್ರಿಯಲ್ಲಿ ಇಲ್ಲವಾದರೆ ಜನರ ಮನಸ್ಸು ಹೇಗಾಗುತ್ತದೆ ಯೋಚಿಸಿ. ಹೊಸ ಸೇತುವೆ ಇರದಿದ್ದರೆ ನಮ್ಮ ಕಡೆಯ ಬಸುರಿಯನ್ನು ಆಸ್ಪತ್ರೆಗೆ ಒಯ್ಯಲು ಉಳಿಯುತ್ತಿದ್ದದ್ದು ಒಂದೋ ಕಾಣಕೋಣ, ಇಲ್ಲವೇ ಜೋಯಿಡಾ ರಸ್ತೆ ಹಿಡಿದು ಹೊಳೆಯ ಮೇಲ್ಗಡೆ ಇರುವ ಕದ್ರಾದಲ್ಲಿ ದಾಟಿ ಕಾರವಾರ. ಆ ಜೋಯಿಡಾ ರಸ್ತೆ ನಮ್ಮ ಗದ್ದೆಯಾಚೆ ಕಣ್ಣಿಗೆ ಕಾಣುತ್ತದೆ, ಗಾಡಿಯಲ್ಲಿ ಅಲ್ಲಿಗೆ ಹೋಗಲು ಮಾತ್ರ ಮೊದಲು ಹೆದ್ದಾರಿಗೇ ಬರಬೇಕು. ಹೆದ್ದಾರಿಯ ಬಾಯಲ್ಲಿ ಒಂದು ಟ್ಯಾಂಕರ್ ಅಡ್ಡ ಬಿದ್ದರೆ ಒಳಗಿನವರೆಲ್ಲ ಒಳಗೇ. ರಸ್ತೆ ಬೇಕು ಎನ್ನುವವರ ಮಾತು ಇದು.

ಇನ್ನು ಬೇಡ ಎನ್ನುವವರು. ಇವರನ್ನು ಪ್ರಗತಿಗೆ ಅಡ್ಡ ಬರುವವರು ಎಂದು ತಿಳಿದರೆ ತಪ್ಪಾಗುತ್ತದೆ. ಅವರೂ ಸುರಕ್ಷತೆಯ ಮಾತನ್ನೇ ಆಡುತ್ತಿದ್ದಾರೆ.

ನೀರಿನ ಲೆಕ್ಕ ಗೊತ್ತಿರುವುದು ಅವರಿಗೇ ಹೆಚ್ಚು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದಿಂದ ಇಳಿದ ನೀರು ನಮ್ಮ ಗಟಾರ ಹಿಡಿದು ಗದ್ದೆಗೆ ಹೋಗಿ, ಅಲ್ಲಿ ಹರಡಿ ನಿಂತು, ಇಳಿತದ ಹೊತ್ತಿಗೆ ಹೊಳೆ ಸೇರುತ್ತದೆ. ಭರತಿಯಿದ್ದಾಗ ಹೊಳೆ ಆ ನೀರನ್ನು ತೆಗೆದುಕೊಳ್ಳುವುದಿಲ್ಲ. ಮೇಲೆ ಕದ್ರಾ ಅಣೆಕಟ್ಟಿನ ಗೇಟು ತೆರೆದಿದ್ದರಂತೂ ಕೇಳುವುದೇ ಬೇಡ. 2019ರ ಆಗಸ್ಟಿನಲ್ಲೂ 2021ರ ಜುಲೈನಲ್ಲೂ ಕಾಳಿಯ ದಡದ ಊರುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದಾರೆ. ಈಗ ಆ ಗದ್ದೆಯ ಅಡ್ಡಕ್ಕೆ ಮಣ್ಣು ಸುರಿದು ಎತ್ತರದ ರಸ್ತೆ ಕಟ್ಟಿದರೆ ಅದು ನಮ್ಮ ಪಾಲಿಗೆ ಒಡ್ಡಾಗುತ್ತದೆ. ಎರಡು ಮೋರಿ ಇಡುತ್ತೇವೆ ಅನ್ನುತ್ತಾರೆ. ಮೊದಲ ಮಳೆಗೇ ಪ್ಲಾಸ್ಟಿಕ್ಕು, ತೆಂಗಿನ ಗರಿ ಸೇರಿ ಕಟ್ಟಿಕೊಳ್ಳುವ ಮೋರಿ ಹೇಗಿರುತ್ತದೆ ಎಂದು ಈ ಕರಾವಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕಾಲೊನಿಯ ತಗ್ಗಿನ ಸಾಲಿನ ಮನೆಯವರು ಸಭೆಯಲ್ಲಿ ದನಿ ಎತ್ತುವುದು ಇದಕ್ಕೇ.

ಇನ್ನೊಂದು ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ನಮ್ಮಲ್ಲಿ ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ, ಬಂದರು ಬಿಟ್ಟು ಬಂದ ಕುಟುಂಬಗಳಿವೆ. 1986ರಲ್ಲಿ ಅಡಿಗಲ್ಲು, 2005ರಲ್ಲಿ ಅದೇ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ. ಅರ್ಗಾ, ಬಿಣಗಾ ಕಡೆಯ ಜನ ತೋಡೂರು, ಅಮದಳ್ಳಿ, ಚಿತ್ತಾಕುಲದಂಥ ಕಡೆ ಪುನರ್ವಸತಿ ಕಾಲೊನಿಗಳಿಗೆ ಬಂದರು. ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದರು. ದೇಶದ ಕೆಲಸ ಎಂದು ಜಾಗ ಕೊಟ್ಟವರು ಇವರು, ಅವರ ಮೇಲೆ ನನಗೆ ಬಹಳ ಗೌರವ. ಅಂಥ ಮನೆಯ ಅಜ್ಜಿ ಸರ್ವೆಯವರು ಟೇಪು ಹಿಡಿದು ಬಂದದ್ದನ್ನು ಕಂಡರೆ ಮೊದಲು ಕೇಳುವುದು ಎಷ್ಟು ಅಗಲ ಎಂದಲ್ಲ, ನಮ್ಮ ಪಾಗಾರದ ಒಳಗೆ ಬರುತ್ತೀರಾ ಎಂದು. ಆ ಮೇಲೆ ಹೆದ್ದಾರಿ ಚತುಷ್ಪಥವಾಗುವಾಗ ಮತ್ತೊಮ್ಮೆ ಅಂಗಡಿ, ಅಂಗಳ ಕಳೆದುಕೊಂಡವರೂ ಇದ್ದಾರೆ. ನಕ್ಷೆಯಲ್ಲಿ ಸಣ್ಣದಾಗಿ ಕಾಣುವ ಗೆರೆ ನೆಲದ ಮೇಲೆ ಎಷ್ಟು ದೊಡ್ಡದಾಗುತ್ತದೆ ಎಂದು ಅವರು ಬದುಕಿ ತಿಳಿದಿದ್ದಾರೆ.

ಕಳ್ಳತನದ ಭಯವೂ ಇದೆ. ಗೋವಾ, ಮುಂಬೈ, ಕೊಲ್ಲಿ ಎಂದು ಹೋದವರ ಮನೆಗಳು ಬೀಗ ಹಾಕಿಕೊಂಡಿರುತ್ತವೆ, ಕೆಲವದರಲ್ಲಿ ವಯಸ್ಸಾದವರು ಒಬ್ಬರೇ. ಈಗ ಅಪರಿಚಿತ ಗಾಡಿ ಬಂದರೆ ಮೂಲೆಮನೆಯವರು ಯಾರ ಮನೆಗೆ ಎಂದು ಕೇಳುತ್ತಾರೆ, ತಿರುಗಿ ಹೋಗುವುದನ್ನೂ ನೋಡುತ್ತಾರೆ. ಎರಡು ಬಾಯಿ ಆದರೆ ಆ ಕಾವಲು ಹೋಗುತ್ತದೆ. ಆಗ ಹೆದ್ದಾರಿಯಲ್ಲಿ ಗಾಡಿ ನಿಂತ ಶನಿವಾರ, ಭಾನುವಾರಗಳಲ್ಲಿ ಗೋವಾ ಪ್ರವಾಸಿಗರ ಕಾರುಗಳನ್ನೆಲ್ಲ ಮೊಬೈಲಿನ ಮ್ಯಾಪು ನಮ್ಮ ಓಣಿಗೇ ತಿರುಗಿಸುತ್ತದೆ. ಅಬಕಾರಿಯವರ ಕಣ್ಣು ತಪ್ಪಿಸಿ ಸರಕು ಸಾಗಿಸುವವರಿಗೂ ಒಳದಾರಿ ಬೇಕಾಗಿಯೇ ಇರುತ್ತದೆ. ಮಕ್ಕಳು ಸೈಕಲ್ ಕಲಿಯುವುದು, ಹೆಂಗಸರು ಮೀನು ಒಣಗಿಸುವುದು, ಗಣೇಶ ಚವತಿಯ ಭಜನೆಯವರು ಮನೆಯಿಂದ ಮನೆಗೆ ಹೋಗುವುದು ಇದೇ ಓಣಿಯಲ್ಲಿ.

ಸಭೆಯಲ್ಲಿ ಇದಕ್ಕೆ ದಾರಿ ತೋರಿಸಿದ್ದು ನಿವೃತ್ತ ಶಿಕ್ಷಕಿ, ನಾವೆಲ್ಲ ಅಕ್ಕೋರು ಎನ್ನುವವರು. "ನಮಗೆ ಬೇಕಾದ್ದು ಹೊರಗೆ ಹೋಗುವ ದಾರಿ. ಊರಿನವರೆಲ್ಲ ಒಳಗೆ ಬರುವ ದಾರಿ ಯಾರು ಕೇಳಿದರು? ಹಾಗಾದರೆ ಅದನ್ನೇ ಬರೆದು ಕೊಡಿ" ಎಂದರು. ನನಗೂ ಇದೇ ಸರಿ ಎನಿಸುತ್ತದೆ. ಆಂಬುಲೆನ್ಸು, ಅಗ್ನಿಶಾಮಕ ಗಾಡಿ ಹೋಗುವಷ್ಟು ಅಗಲ ಇರಲಿ. ದಿನನಿತ್ಯ ನಡೆಯುವವರಿಗೆ, ಸೈಕಲ್, ಬೈಕಿಗೆ ಬಿಟ್ಟು ಉಳಿದವಕ್ಕೆ ತೆಗೆದು ಹಾಕಬಲ್ಲ ಕಬ್ಬಿಣದ ಅಡ್ಡಪಟ್ಟಿ ಇರಲಿ, ಅದರ ಬೀಗದ ಕೈ ಎರಡೂ ತುದಿಯ ಮನೆಗಳಲ್ಲಿ ಮತ್ತು ಠಾಣೆಯಲ್ಲಿ ಇರಲಿ. ಗದ್ದೆಯ ಮೇಲೆ ಮಣ್ಣಿನ ಒಡ್ಡು ಬೇಡ, ನೀರು ಕೆಳಗೆ ಹರಿಯುವ ಹಾಗೆ ಕಂಬಗಳ ಮೇಲೆ ಸಂಕ ಬರಲಿ. ಖರ್ಚು ಜಾಸ್ತಿ ಎಂದು ಎಂಜಿನಿಯರು ಹೇಳುತ್ತಾರೆ, ಹೇಳಲಿ. ಪ್ರತಿವರ್ಷ ನೀರು ನುಗ್ಗಿದ ಮನೆಗಳಿಗೆ ಪರಿಹಾರ ಕೊಡುವುದೂ ಖರ್ಚೇ. ಗಟಾರದ ಕೆಲಸ ರಸ್ತೆಗಿಂತ ಮೊದಲು ಆಗಬೇಕು, ನಂತರ ನೋಡೋಣ ಎಂಬ ಮಾತಿಗೆ ನಾವು ಒಪ್ಪಬಾರದು.

ಪೊಲೀಸರ ವಿಷಯಕ್ಕೆ ನಾವು ಹೆಚ್ಚು ಕೇಳಿಲ್ಲ. ಬೀಗ ಹಾಕಿದ ಮನೆಗಳ ಪಟ್ಟಿ ಬೀಟ್ ಪೊಲೀಸರ ಕೈಯಲ್ಲಿರಬೇಕು, ಬಾಡಿಗೆಗೆ ಬಂದವರ ವಿವರ ಮಾಲೀಕರು ಕೊಡಬೇಕು, ಹೆದ್ದಾರಿಯ ತಿರುವಿನಲ್ಲಿ ಕೆಟ್ಟುನಿಂತ ದೀಪ ಉರಿಯಬೇಕು. ಮಳೆಗಾಲದ ರಾತ್ರಿ ಒಣ ಜಾಗ ಹುಡುಕಿ ಡಾಂಬರಿನ ಮೇಲೆ ಮಲಗುವ ದನಗಳಿಂದಲೇ ಅಲ್ಲಿ ಬೈಕಿನವರು ಬೀಳುತ್ತಾರೆ. ಹಾಗಾಗಿ ಕ್ಯಾಮೆರಾಕ್ಕಿಂತ ಮೊದಲು ದೀಪ ಎಂದು ಠರಾವಿನಲ್ಲಿ ಬರೆದಿದ್ದೇವೆ.

ಉಳಿದಿರುವ ಕಷ್ಟದ ಕೆಲಸ ಗದ್ದೆಯ ಮಾಲೀಕರನ್ನು ಒಪ್ಪಿಸುವುದು. ಪಂಚಾಯಿತಿಗೆ ದಾನಪತ್ರ ಮಾಡಿಕೊಡಿ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಒಮ್ಮೆ ಎಲ್ಲ ಕಳೆದುಕೊಂಡವರ ಬಳಿ ಮತ್ತೆ ದಾನ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಕಾಲೊನಿಯ ಮನೆಗಳೆಲ್ಲ ಕೈಲಾದಷ್ಟು ಹಾಕಿ, ಹೋಗುವ ಪಟ್ಟಿಗೆ ಬೆಲೆ ಕೊಟ್ಟೇ ತೆಗೆದುಕೊಳ್ಳಬೇಕು, ಎಷ್ಟು ಅಗಲ ಎಂಬುದು ಕಾಗದದಲ್ಲಿ ಇರಬೇಕು, ಮುಂದೆ ಅದನ್ನು ಹಿಗ್ಗಿಸಬೇಕಾದರೆ ಅವರನ್ನು ಕೇಳಿಯೇ ಆಗಬೇಕು ಎಂದು ನಾನು ಹೇಳಿದ್ದೇನೆ. ಕೆಲವರು ಒಪ್ಪಿದ್ದಾರೆ, ಕೆಲವರು ಸರ್ಕಾರದ ರಸ್ತೆಗೆ ನಾವೇಕೆ ಹಣ ಹಾಕಬೇಕು ಅನ್ನುತ್ತಿದ್ದಾರೆ. ಚವತಿ ಮುಗಿದ ಮೇಲೆ ಮಾಲೀಕರ ಮನೆಗೇ ಹೋಗಿ ಕೂರುವುದೆಂದು ಆಗಿದೆ. ಅಲ್ಲಿ ಒಪ್ಪಿಗೆಯಾದರೆ ವಾರ್ಡ್ ಸಭೆಯಲ್ಲಿ ಇಟ್ಟು, ಅಲ್ಲಿಂದ ಗ್ರಾಮಸಭೆಗೆ ಒಯ್ಯುತ್ತೇವೆ.