ಸ್ಥಿರಚಿತ್ರ ಮತ್ತು ಧ್ವನಿಯಿಂದ ಕೊನೆಯವರೆಗೂ ನೋಡಿಸಿಕೊಳ್ಳುವ ವಿಡಿಯೊ ಮಾಡುವುದು ಹೇಗೆ?

ಫೋಟೋಗಳೂ ನಿರೂಪಣೆಯೂ ಚೆನ್ನಾಗಿಯೇ ಇವೆ, ಆದರೆ ಎರಡನ್ನೂ ಜೋಡಿಸಿದಾಗ ಬರೀ ಸ್ಲೈಡ್ ಶೋ ಆಗಿಬಿಡುತ್ತದೆ ಎಂದು ನೀವು ಬರೆದಿದ್ದೀರಿ. ಇಂಥ ವಿಡಿಯೊಗಳ ಸಂಕಲನ ಮಾಡುವ ನನಗೆ ತೋರುವಂತೆ, ತೊಡಕು ಇರುವುದು ಕೆಲಸದ ಕ್ರಮದಲ್ಲಿ. ಹೆಚ್ಚಿನವರು ಚಿತ್ರಗಳನ್ನು ತಲಾ 5 ಸೆಕೆಂಡಿನಂತೆ ಸಾಲಾಗಿ ಇಟ್ಟು, ಆಮೇಲೆ ಅವುಗಳ ಕೆಳಗೆ ಧ್ವನಿಯನ್ನು ತುರುಕುತ್ತಾರೆ. ನಾನು ಮೊದಲು ಧ್ವನಿಯನ್ನು ಪೂರ್ತಿ ಸಿದ್ಧಪಡಿಸಿಕೊಂಡು, ಮಾತು ಎಲ್ಲಿ ತಿರುಗುತ್ತದೆ, ನಿರೂಪಕರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ ಎಂಬುದನ್ನು ಕೇಳುತ್ತಾ ಟೈಮ್‌ಲೈನಿನಲ್ಲಿ, ಅಂದರೆ ಸಂಕಲನ ತಂತ್ರಾಂಶದಲ್ಲಿ ಚಿತ್ರ, ಧ್ವನಿಗಳನ್ನು ಜೋಡಿಸುವ ಕಾಲಪಟ್ಟಿಯಲ್ಲಿ, ಮಾರ್ಕರ್ ಹಾಕಿ, ಆ ಗುರುತುಗಳಿಗೆ ತಕ್ಕಂತೆ ಚಿತ್ರ ಬದಲಿಸುತ್ತೇನೆ. ಹಾಗಾಗಿ ಒಂದು ಚಿತ್ರ 2 ಸೆಕೆಂಡಿಗೇ ಮರೆಯಾದರೆ, ಇನ್ನೊಂದು 12 ಸೆಕೆಂಡ್ ನಿಲ್ಲುತ್ತದೆ.

ಹಳೆಯದೊಂದು ಗುಂಪುಚಿತ್ರ ಇದೆ ಎನ್ನಿ. ಮೊದಲೇ ಇಡೀ ಗುಂಪನ್ನು ತೋರಿಸಿಬಿಟ್ಟರೆ ನೋಡುಗರ ಕಣ್ಣು ಎಲ್ಲೆಲ್ಲೋ ಅಲೆಯುತ್ತದೆ. ಅದರ ಬದಲು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದ ಒಂದು ಕೈಯಿಂದ ಆರಂಭಿಸಿ, ‘ಅಂದು ಯಾರೂ ನಗಲಿಲ್ಲ’ ಎಂಬ ಮಾತು ಕೇಳಿಬರುವ ಹೊತ್ತಿಗೆ ಎಲ್ಲ ಮುಖಗಳೂ ಕಾಣುವಷ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಅಮೆರಿಕದ ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್ ಅವರ ಹೆಸರಿನಲ್ಲೇ ಈ ತಂತ್ರ ಪ್ರಸಿದ್ಧವಾಗಿದೆ. ಆದರೆ ಕಾರಣವಿಲ್ಲದೆ ಪ್ರತಿ ಚಿತ್ರಕ್ಕೂ ಜೂಮ್ ಹಾಕಿದರೆ ಅದೂ ಬೇಸರ ತರಿಸುತ್ತದೆ. ಪುಟ ಮಗುಚುವ, ನಕ್ಷತ್ರ ಸಿಡಿಯುವ ಸಿದ್ಧ ಟ್ರಾನ್ಸಿಷನ್‌ಗಳ ಬಗ್ಗೆ ನಾನು ಏನೂ ಹೇಳದಿರುವುದೇ ಲೇಸು.

ಜೂಮ್ ಮಾಡಲು ಪಿಕ್ಸೆಲ್‌ಗಳೂ ಬೇಕು. ವಿಡಿಯೊ 1920×1080 ಅಳತೆಯದಾಗಿದ್ದು ಫೋಟೋ 4000 ಪಿಕ್ಸೆಲ್ ಅಗಲವಿದ್ದರೆ, ಅದರ ಅರ್ಧ ಅಗಲದಷ್ಟು ಭಾಗವನ್ನು ತೆರೆ ತುಂಬಿಸಿದರೂ ಸ್ಪಷ್ಟತೆ ಕೆಡುವುದಿಲ್ಲ. ಮೆಸೇಜಿಂಗ್ ಆ್ಯಪ್‌ನಲ್ಲಿ ಕುಗ್ಗಿ ಬಂದ ಪ್ರತಿಯಲ್ಲಿ ಇದು ಸಾಧ್ಯವಿಲ್ಲವಾದ್ದರಿಂದ ಮೂಲ ಫೈಲನ್ನೇ ಕೇಳಿ ಪಡೆಯಿರಿ. ಆದೇಶಗಳನ್ನು ಟೈಪಿಸಿ ವಿಡಿಯೊ ಸಿದ್ಧಪಡಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ, ಚಿತ್ರವನ್ನು ಹಿಗ್ಗಿಸಿ ಸರಿಸುವ ಜೂಮ್‌ಪ್ಯಾನ್ ಫಿಲ್ಟರ್ ಬಳಸುವವರಿಗೆ ನಿಧಾನದ ಜೂಮ್ ನಡುಗಿದಂತೆ ಕಾಣುವುದುಂಟು. ಚೌಕಟ್ಟಿನ ಸ್ಥಾನವನ್ನು ಅದು ಪೂರ್ಣ ಪಿಕ್ಸೆಲ್‌ಗೆ ಹೊಂದಿಸುವುದರಿಂದ ಚಲನೆ ಪುಟ್ಟ ಜಿಗಿತಗಳಲ್ಲಿ ಸಾಗುವುದೇ ಇದಕ್ಕೆ ಕಾರಣ. ಚಿತ್ರವನ್ನು ಮೊದಲು ಕೆಲವು ಪಟ್ಟು ದೊಡ್ಡದು ಮಾಡಿಕೊಂಡರೆ ನಡುಕ ಬಹುಮಟ್ಟಿಗೆ ಅಡಗುತ್ತದೆ.

ಇನ್ನು ಧ್ವನಿಯ ಜೋಡಣೆ. ಮುಂದಿನ ದೃಶ್ಯದ ಸದ್ದು, ಉದಾಹರಣೆಗೆ ಮಳೆ ಅಥವಾ ರೈಲಿನ ಸಪ್ಪಳ, ಚಿತ್ರಕ್ಕಿಂತ ಅರ್ಧ ಸೆಕೆಂಡ್ ಮೊದಲೇ ಕೇಳಿಸಿದರೆ ಸ್ಥಿರಚಿತ್ರವೂ ಜೀವ ತಳೆಯುತ್ತದೆ. ಮಾತುಗಳ ನಡುವೆ ಧ್ವನಿಯನ್ನು ಪೂರ್ತಿ ಕತ್ತರಿಸಿದರೆ ಆಡಿಯೊ ಕೆಟ್ಟಿತೇನೋ ಎನಿಸುವುದರಿಂದ, ರೆಕಾರ್ಡ್ ಮಾಡಿದ ಕೋಣೆಯ ಖಾಲಿ ಸದ್ದನ್ನೇ ಅಲ್ಲಿ ಹಾಸುತ್ತೇನೆ. ಎಕ್ಸ್‌ಪೋರ್ಟ್ ಮಾಡುವ ಮುನ್ನ ಮೊಬೈಲಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ ನೋಡಿ. ಹೆಡ್‌ಫೋನಿನಲ್ಲಿ ಹಿತವಾಗಿದ್ದ ಹಿನ್ನೆಲೆ ಸಂಗೀತ ಅಲ್ಲಿ ಮಾತನ್ನು ಮುಚ್ಚಿಹಾಕುತ್ತಿದ್ದರೆ ಅದನ್ನು ಇನ್ನಷ್ಟು ತಗ್ಗಿಸಿ.